ಸ್ಟೆಪ್ನಿ ಎಂಬ ಬೀದಿ, ಕೂರ್ಗ್ ಎಂಬ ಚೀಟಿ

ನನ್ನ ತಂಗಿ ಕಾಚಂಪುಳಿ ಕಾಯಿಸುತ್ತಾಳೆ, ಕೊಡಗಿನ ಅಡುಗೆಗೆ ಬಳಸುವ ಕಪ್ಪನೆಯ ಹಣ್ಣಿನ ಹುಳಿ. ಹತ್ತು ಹನ್ನೆರಡು ವರ್ಷಗಳಿಂದ ನೆಂಟರಿಗೆ, ನೆರೆಮನೆಯವರಿಗೆ, ಮದುವೆ ಅಡುಗೆಯವರಿಗೆ ಹಳೆಯ ಬಾಟಲಿಗಳಲ್ಲಿ ತುಂಬಿಸಿ ಕೊಡುತ್ತಿದ್ದಳು. ಮೈಸೂರು, ಬೆಂಗಳೂರುಗಳಿಂದ ಕೇಳುವವರು ಹೆಚ್ಚಾದ ಮೇಲೆ ಅದಕ್ಕೊಂದು ಹೆಸರು ಬೇಕು, ಬಾಟಲಿಯ ಮೇಲೊಂದು ಚೀಟಿ ಬೇಕು ಎಂದು ಹಟ ಹಿಡಿದಳು. ಹೆಸರನ್ನೂ ಅವಳೇ ಆರಿಸಿಟ್ಟಿದ್ದಳು: ಕೂರ್ಗ್ ಕಾಚಂಪುಳಿ. ಅದನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಲು ಬರುತ್ತದೆಯೇ ಎಂದು ವಿಚಾರಿಸಲು ಇಬ್ಬರೂ ಮೈಸೂರಿಗೆ ಹೋದೆವು. ಆ ಕೆಲಸ ಬಲ್ಲ ವಕೀಲರೊಬ್ಬರು ಅವಳ ಕಾಗದವನ್ನು ಎರಡು ಸಲ ಓದಿದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಮೆಲ್ಲಗೆ ಹೇಳಿದರು: ‘ಇದರಲ್ಲಿ ನಿಮ್ಮದು ಎನ್ನುವಂಥದ್ದು ಏನೂ ಇಲ್ಲವಲ್ಲ ತಾಯಿ. ಒಂದು ಊರಿನ ಹೆಸರು, ಇನ್ನೊಂದು ಪದಾರ್ಥದ ಹೆಸರು. ಎರಡೂ ಎಲ್ಲರದು.’ ಸರಕಿನ ಬಗೆಯನ್ನೋ, ಗುಣವನ್ನೋ, ಅದು ಹುಟ್ಟಿದ ಊರನ್ನೋ ಮಾತ್ರ ಹೇಳುವ ಪದಗಳನ್ನು ಒಬ್ಬರ ಹೆಸರಿಗೆ ಬರೆದುಕೊಡಲು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೆಯ ಸೆಕ್ಷನ್ ಒಪ್ಪುವುದಿಲ್ಲ. ವಕೀಲರು ಹೇಳಿದ್ದು ಸರಿಯಾಗಿಯೇ ಇತ್ತು.

ಹಿಂದಿರುಗುವ ಬಸ್ಸಿನಲ್ಲಿ ಹುಣಸೂರು ಕಳೆದು ಪಿರಿಯಾಪಟ್ಟಣ ದಾಟುವವರೆಗೂ ತಂಗಿ ಮಾತಾಡಲಿಲ್ಲ. ಬೈಲಕುಪ್ಪೆ ಮುಗಿದು, ಕಾವೇರಿ ಸೇತುವೆ ದಾಟಿ, ಕುಶಾಲನಗರ ಬರುತ್ತಿದ್ದಂತೆ ರಸ್ತೆಯ ಎರಡೂ ಬದಿಗೆ ಬೋರ್ಡುಗಳು ಶುರುವಾದವು. ಕೂರ್ಗ್ ಜೇನು, ಕೂರ್ಗ್ ಮಸಾಲೆ, ಕೂರ್ಗ್ ಚಾಕೊಲೇಟ್, ಕೂರ್ಗ್ ವೈನ್. ಕಿಟಕಿಯಿಂದ ಅವನ್ನು ಒಂದೊಂದಾಗಿ ಓದುತ್ತಾ ಕುಳಿತಿದ್ದವಳು ನನ್ನ ಕಡೆ ತಿರುಗಿ, ‘ಎಲ್ಲರದು ಎಂದರೆ ಕೊನೆಗೆ ಯಾರದು ಅಣ್ಣಾ?’ ಎಂದಳು. ಉತ್ತರ ಕೊಡಲು ನನ್ನಿಂದಾಗಲಿಲ್ಲ. ಆ ಪ್ರಶ್ನೆ ಮಾತ್ರ ಅಂದಿನಿಂದ ನನ್ನ ಬೆನ್ನು ಬಿಟ್ಟಿಲ್ಲ.

ಹಿಟಾಚಿ ಬಂದ ಮಧ್ಯಾಹ್ನ

ಹೆಸರೊಂದು ಒಬ್ಬರ ಕೈತಪ್ಪಿ ಎಲ್ಲರ ಬಾಯಿಗೆ ಬೀಳುವುದೆಂದರೆ ಏನು ಎಂದು ನಾನು ಕಣ್ಣಾರೆ ಕಂಡದ್ದು 2018ರ ಆಗಸ್ಟ್‌ನಲ್ಲಿ. ಆ ತಿಂಗಳ ಬಗ್ಗೆ ಕೊಡಗಿನವರಿಗೆ ನಾನು ಹೊಸದಾಗಿ ಹೇಳಬೇಕಾದದ್ದೇನೂ ಇಲ್ಲ. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಎಂದರೆ ಸಾಕು, ಕೇಳುವವರ ಮುಖ ಬದಲಾಗುತ್ತದೆ. ನಮ್ಮ ಅತ್ತೆಯ ಮನೆ ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಕಡೆ, ರಸ್ತೆಯಿಂದ ಒಳಕ್ಕೆ. ಮನೆ ಉಳಿದಿತ್ತು, ಮನೆಗೆ ಹೋಗುವ ದಾರಿ ಉಳಿದಿರಲಿಲ್ಲ. ಮೇಲಿನ ಬರೆ ಜಾರಿ ಬಂದು, ಕೆಂಪು ಮಣ್ಣಿನ ರಾಶಿಯಲ್ಲಿ ಕಾಫಿ ಗಿಡಗಳು ಬೇರು ಮೇಲಾಗಿ ನಿಂತಿದ್ದವು. ಎರಡು ಸಿಲ್ವರ್ ಓಕ್ ಮರಗಳು ಒಂದರ ಮೇಲೊಂದು ಅಡ್ಡ ಬಿದ್ದಿದ್ದವು. ಮೊದಲು ಬಂದದ್ದು ಟೈರಿನ ಗಾಡಿ, ನಾವು ಜೆಸಿಬಿ ಎನ್ನುವುದು. ಇಪ್ಪತ್ತು ಅಡಿ ಒಳಗೆ ಬರುವಷ್ಟರಲ್ಲಿ ಅದರ ಹಿಂದಿನ ಚಕ್ರಗಳು ಕೆಸರಿನಲ್ಲಿ ಅರ್ಧ ಹೂತುಹೋದವು. ಚಾಲಕ ಇಳಿದು ಬಂದು, ಮಣ್ಣನ್ನು ಕಾಲಿನಿಂದ ಒತ್ತಿ ನೋಡಿ, ‘ಇದರಿಂದ ಆಗುವ ಕೆಲಸವಲ್ಲ, ಹಿಟಾಚಿ ತರಿಸಿ’ ಎಂದ.

ಮರುದಿನ ಮಧ್ಯಾಹ್ನದವರೆಗೆ ಕಾದೆವು. ಮಳೆ ಸಣ್ಣಗೆ ಹನಿಯುತ್ತಲೇ ಇತ್ತು. ತಿರುವಿನಾಚೆ ಕಬ್ಬಿಣದ ಪಟ್ಟಿ ಕಲ್ಲಿನ ಮೇಲೆ ಉರುಳುವ ಸದ್ದು ಕೇಳಿದಾಗ, ಜಗಲಿಯಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಎಪ್ಪತ್ತು ದಾಟಿದ ಅತ್ತೆ, ಯಂತ್ರ ಕಣ್ಣಿಗೆ ಬೀಳುವ ಮೊದಲೇ ಎದ್ದು ನಿಂತು, ‘ಹಿಟಾಚಿ ಬಂತು’ ಎಂದರು. ಎರಡು ದಿನಗಳಲ್ಲಿ ಅವರು ಆಡಿದ ಮೊದಲ ಮಾತು ಅದು. ಬಂದ ಯಂತ್ರ ಹಳದಿ ಬಣ್ಣದ್ದು. ಅದರ ಉದ್ದನೆಯ ತೋಳಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಬೇರೊಂದು ಕಂಪನಿಯ ಹೆಸರಿತ್ತು. ನಾನು ಅದನ್ನು ಓದಿದೆ. ಆದರೆ ಅಲ್ಲಿದ್ದ ಯಾರಿಗೂ, ನನಗೂ ಕೂಡ, ಅತ್ತೆಯ ಮಾತು ತಪ್ಪೆಂದು ಅನಿಸಲಿಲ್ಲ. ಬಂದದ್ದು ಹಿಟಾಚಿಯೇ.

ಆಮೇಲೆ ಇದನ್ನು ಎಷ್ಟೋ ಸಲ ಯೋಚಿಸಿದ್ದೇನೆ. ಪತ್ರಿಕೆಗಳು ಎರಡಕ್ಕೂ ‘ಮಣ್ಣು ತೆಗೆಯುವ ಯಂತ್ರ’ ಎಂದೇ ಬರೆಯುತ್ತವೆ. ಆ ಮಾತಿನಲ್ಲಿ ಟೈರಿನದು ಯಾವುದು, ಪಟ್ಟಿಯದು ಯಾವುದು ಎಂದು ತಿಳಿಯುವುದಿಲ್ಲ. ಕೆಸರಿನ ಎದುರು ನಿಂತವನಿಗೆ ಆ ವ್ಯತ್ಯಾಸವೇ ಮುಖ್ಯ. ಅದಕ್ಕಾಗಿ ಜನ ಎರಡು ಕಂಪನಿಗಳ ಹೆಸರನ್ನು ಎತ್ತಿಕೊಂಡು ಎರಡು ನಾಮಪದಗಳನ್ನು ಮಾಡಿಕೊಂಡರು: ಚಕ್ರದ್ದು ಜೆಸಿಬಿ, ಪಟ್ಟಿಯದ್ದು ಹಿಟಾಚಿ. ಜೆಸಿಬಿ ಎನ್ನುವುದು 1945ರಲ್ಲಿ ಇಂಗ್ಲೆಂಡಿನಲ್ಲಿ ಕಂಪನಿ ಕಟ್ಟಿದ ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಎಂಬುವರ ಹೆಸರಿನ ಮೂರು ಮೊದಲಕ್ಷರ. ಹಿಟಾಚಿ ಜಪಾನಿನ ಒಂದು ಊರು. 1910ರಲ್ಲಿ ಅಲ್ಲಿ ಶುರುವಾದ ಕಂಪನಿ ಊರಿನ ಹೆಸರನ್ನೇ ಇಟ್ಟುಕೊಂಡಿತು. ಆ ಮನುಷ್ಯನಾಗಲಿ ಆ ಊರಾಗಲಿ ಅತ್ತೆಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಒಂದು ಭಾಷೆಗೆ ಮಾತು ಬೇಕಾದಾಗ ಅದು ಹತ್ತಿರ ಬಿದ್ದಿರುವುದನ್ನು ಎತ್ತಿಕೊಳ್ಳುತ್ತದೆ. ಇದನ್ನು ಕಳವು ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

‘ಯಾವ ಡಾಲ್ಡಾ?’

ನಮ್ಮ ಅಪ್ಪನಿಗೆ ಸೋಮವಾರಪೇಟೆಯ ಸಂತೆ ಬೀದಿಯ ಹತ್ತಿರ ಒಂದು ಸಣ್ಣ ದಿನಸಿ ಅಂಗಡಿಯಿತ್ತು. ಸಂತೆಯ ದಿನ ತೋಟದ ಲೈನ್ ಮನೆಗಳಿಂದ ಬರುವ ಹೆಂಗಸರು ‘ಅರ್ಧ ಕಿಲೋ ಡಾಲ್ಡಾ’ ಎಂದರೆ ಅಪ್ಪ ತಕ್ಕಡಿ ಮುಟ್ಟುವ ಮೊದಲು ‘ಯಾವ ಡಾಲ್ಡಾ?’ ಎಂದು ಕೇಳುತ್ತಿದ್ದರು. ಡಾಲ್ಡಾ 1937ರಲ್ಲಿ ಮಾರುಕಟ್ಟೆಗೆ ಬಂದ ಒಂದು ಕಂಪನಿಯ ವನಸ್ಪತಿ, ಹಳದಿ ಡಬ್ಬಿಯ ಮೇಲೆ ಹಸಿರು ಮರದ ಚಿತ್ರ ಇದ್ದದ್ದು. ಅಪ್ಪನ ಅಂಗಡಿಯಲ್ಲಿ ಅದೂ ಇರುತ್ತಿತ್ತು, ಅದಕ್ಕಿಂತ ಅಗ್ಗದ ಇನ್ನೊಂದೆರಡೂ ಇರುತ್ತಿದ್ದವು. ‘ಯಾವ ಸರ್ಫ್?’, ‘ಯಾವ ಕೋಲ್ಗೇಟ್?’ ಎಂದೂ ಕೇಳುತ್ತಿದ್ದರು. ಚಿಕ್ಕವನಾಗಿದ್ದಾಗ ನನಗೆ ಇದು ಸಮಯ ಹಾಳು ಎನಿಸುತ್ತಿತ್ತು. ಕೇಳಿದವರಿಗೆ ಅಗ್ಗದ್ದನ್ನು ಕೊಟ್ಟು ಕಳುಹಿಸಿದರೆ ಅವರಿಗೂ ತಿಳಿಯುತ್ತಿರಲಿಲ್ಲ, ಅಪ್ಪನಿಗೂ ನಾಲ್ಕು ಕಾಸು ಹೆಚ್ಚು ಸಿಗುತ್ತಿತ್ತು. ಆದರೆ ಅವರು ಒಮ್ಮೆಯೂ ಹಾಗೆ ಮಾಡಲಿಲ್ಲ.

ಟ್ರೇಡ್‌ಮಾರ್ಕಿನ ಕಾನೂನೆಲ್ಲ ಅಪ್ಪನ ಆ ಒಂದು ‘ಯಾವ’ದಲ್ಲಿದೆ ಎಂದು ಈಗ ಅನಿಸುತ್ತದೆ. ‘ಯಾರದು’ ಎಂದು ಹೇಳುವವರೆಗೆ ಹೆಸರು ಟ್ರೇಡ್‌ಮಾರ್ಕ್. ಅದು ‘ಏನು’ ಎಂದು ಹೇಳತೊಡಗಿದ ದಿನ ಒಡೆಯನ ಹಿಡಿತ ಸಡಿಲವಾಗುತ್ತದೆ. ಆಸ್ಪಿರಿನ್ ಕತೆ ಹೀಗೆಯೇ ಆಯಿತು. 1899ರಲ್ಲಿ ಜರ್ಮನಿಯ ಬೇಯರ್ ಕಂಪನಿ ಇಟ್ಟ ಹೆಸರು ಅದು. ಔಷಧಿಯ ರಾಸಾಯನಿಕ ಹೆಸರು ಹೇಳಲು ಯಾರ ಬಾಯಿಯೂ ತಿರುಗುತ್ತಿರಲಿಲ್ಲ, ಪೇಟೆಂಟ್ ಇದ್ದಷ್ಟು ಕಾಲ ಬೇರೆಯವರು ಅದನ್ನು ಮಾಡುವಂತೆಯೂ ಇರಲಿಲ್ಲ. ಹಾಗಾಗಿ ಔಷಧಿ ಬೇರೆ, ಹೆಸರು ಬೇರೆ ಎಂದು ಯೋಚಿಸಲು ಜನರಿಗೆ ಕಾರಣವೇ ಇರಲಿಲ್ಲ. 1921ರಲ್ಲಿ ಅಮೆರಿಕದ ನ್ಯಾಯಾಧೀಶ ಲರ್ನೆಡ್ ಹ್ಯಾಂಡ್ ಕೇಳಿಕೊಂಡದ್ದು ಸರಳವಾದ ಪ್ರಶ್ನೆ: ಕೊಳ್ಳುವವರು ಆ ಪದವನ್ನು ಏನೆಂದು ತಿಳಿದಿದ್ದಾರೆ? ಸಾಮಾನ್ಯ ಜನರ ಮಟ್ಟಿಗೆ ಅದು ಮಾತ್ರೆಯ ಹೆಸರೇ ಆಗಿಹೋಗಿದೆ ಎಂದು ಅವರು ತೀರ್ಮಾನಿಸಿದರು. ಆ ದೇಶದಲ್ಲಿ ಆಸ್ಪಿರಿನ್ ಎಲ್ಲರ ಮಾತಾಯಿತು. ಜರ್ಮನಿ, ಕೆನಡಾಗಳಲ್ಲಿ ಅದು ಇವತ್ತಿಗೂ ಒಂದೇ ಕಂಪನಿಯದು. 1936ರಲ್ಲಿ ಸೆಲ್ಲೋಫೇನ್, 1950ರಲ್ಲಿ ಎಸ್ಕಲೇಟರ್, 1963ರಲ್ಲಿ ಥರ್ಮಾಸ್ ಅದೇ ದಾರಿ ಹಿಡಿದವು. ಎಸ್ಕಲೇಟರ್ ಮತ್ತು ಥರ್ಮಾಸ್ ಮೊಕದ್ದಮೆಗಳಲ್ಲಿ ಒಂದು ಸಂಗತಿ ಗಮನ ಸೆಳೆಯುತ್ತದೆ. ಆ ಹೆಸರುಗಳನ್ನು ಮೊದಮೊದಲು ಸಾಮಾನ್ಯ ನಾಮಪದಗಳಂತೆ ಜಾಹೀರಾತುಗಳಲ್ಲಿ ಬಳಸಿದ್ದು ಒಡೆಯರೇ. ಮನೆಮಾತಾಗಬೇಕೆಂದು ಬಯಸಿದ್ದರು, ಆಯಿತು.

ನಮ್ಮ ಕಾಯ್ದೆ ಇಲ್ಲಿ ತುಸು ಬಿಗಿ. ಜನ ಬಾಯಿಮಾತಿನಲ್ಲಿ ಬಳಸಿದ ಮಾತ್ರಕ್ಕೆ ನೋಂದಣಿ ಬಿದ್ದುಹೋಗುವುದಿಲ್ಲ. ಅದೇ ಸರಕಿನ ವ್ಯಾಪಾರದಲ್ಲಿರುವವರೇ ಆ ಪದವನ್ನು ಸರಕಿನ ಹೆಸರಾಗಿ ಬಳಸುವ ರೂಢಿ ಗಟ್ಟಿಯಾಗಿ ನಿಂತಿರಬೇಕು ಎನ್ನುತ್ತದೆ 36ನೆಯ ಸೆಕ್ಷನ್. ತಾಲ್ಲೂಕು ಕಚೇರಿಯ ಎದುರಿನ ಪ್ರತಿ ಅಂಗಡಿಯ ಮೇಲೂ ‘ಜೆರಾಕ್ಸ್’ ಎಂದು ಬರೆದಿರುತ್ತದೆ, ಒಳಗಿರುವುದು ಬಹುಪಾಲು ಬೇರೆ ಕಂಪನಿಯ ಯಂತ್ರ. ಪಹಣಿಯ ಜೆರಾಕ್ಸ್ ತನ್ನಿ ಎಂದು ಕಿಟಕಿಯ ಹಿಂದಿನ ಗುಮಾಸ್ತರೂ ಹೇಳುತ್ತಾರೆ. ಇಷ್ಟಾದರೂ, ಆ ಹೆಸರು ಸಾಮಾನ್ಯ ಪದವಾಗಿದೆ, ನೋಂದಣಿ ತೆಗೆದುಹಾಕಿ ಎಂದು ಕೇಳಿದ ಅರ್ಜಿಯನ್ನು 2012ರಲ್ಲಿ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ ತಳ್ಳಿಹಾಕಿತು. ಆ ಕಂಪನಿ ಎಷ್ಟೋ ವರ್ಷಗಳಿಂದ, ದಯವಿಟ್ಟು ನಮ್ಮ ಹೆಸರನ್ನು ಹೀಗೆ ಬಳಸಬೇಡಿ ಎಂದು ಪತ್ರಿಕೆಗಳಲ್ಲಿ ದುಡ್ಡು ಕೊಟ್ಟು ಹೇಳಿಕೊಳ್ಳುತ್ತಾ ಬಂದಿತ್ತು. ಹೆಸರನ್ನು ಕಾಯುವುದೆಂದರೆ ಅಷ್ಟು ದುಡ್ಡು, ಅಷ್ಟು ಜನ, ಅಷ್ಟು ವರ್ಷ.

ಕಂಪನಿಗಳ ಈ ನಷ್ಟದ ಬಗ್ಗೆ ನನಗೆ ಹೆಚ್ಚು ಮರುಕವಿಲ್ಲ ಎಂದು ನೇರವಾಗಿಯೇ ಹೇಳುತ್ತೇನೆ. ಯಾವ ಯಂತ್ರದಲ್ಲಿ ತೆಗೆದರೂ ಪಹಣಿಯ ನಕಲು ನಕಲೇ. ಹಳದಿ ಯಂತ್ರವೂ ಅತ್ತೆಯ ಮನೆಯ ದಾರಿಯನ್ನು ಬಿಡಿಸಿಕೊಟ್ಟಿತು. ಅಲ್ಲಿ ಮಾತು ಒಡೆಯನ ಕೈಬಿಟ್ಟಿತೇ ಹೊರತು ಸುಳ್ಳಾಗಲಿಲ್ಲ. ಕೊಂಡವರಿಗೆ ಮೋಸವಾಗಲಿಲ್ಲ. ನನ್ನನ್ನು ಕಾಡುವುದು ಇನ್ನೊಂದು ಬಗೆಯ ಹೆಸರು.

ಬೀದಿ ಮರೆತುಹೋಯಿತು

ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುವ ಜೀಪಿನ ಹುಡುಗರು ದಿನಕ್ಕೆ ಹತ್ತು ಸಲ ‘ಸ್ಟೆಪ್ನಿ’ ಎನ್ನುತ್ತಾರೆ. ಹಿಂದೆ ತೂಗುಹಾಕಿದ ಹೆಚ್ಚುವರಿ ಚಕ್ರ. (ಅವರ ಗಾಡಿಗಳನ್ನು ನಾವು ಜೀಪ್ ಎನ್ನುವುದೂ ಹೀಗೆಯೇ. ಆ ಹೆಸರಿನ ಒಡೆಯರು ಬೇರೆ, ಗಾಡಿ ಮಾಡಿದವರು ಬೇರೆ.) ಸ್ಟೆಪ್ನಿ ಎನ್ನುವುದು ವೇಲ್ಸ್ ದೇಶದ ಲನೆಲ್ಲಿ ಎಂಬ ಪಟ್ಟಣದ ಒಂದು ಬೀದಿ. ಮೋಟಾರು ಗಾಡಿಗಳು ಹೆಚ್ಚುವರಿ ಚಕ್ರವಿಲ್ಲದೆ ಬರುತ್ತಿದ್ದ ಕಾಲದಲ್ಲಿ, 1904ರ ಸುಮಾರಿಗೆ, ಆ ಬೀದಿಯ ಡೇವಿಸ್ ಸೋದರರು ಪಂಕ್ಚರ್ ಆದ ಚಕ್ರಕ್ಕೆ ಹೊರಗಿನಿಂದ ಬಿಗಿಯುವ ಒಂದು ಚಕ್ರವನ್ನು ಮಾಡಿ, ತಮ್ಮ ಬೀದಿಯ ಹೆಸರನ್ನೇ ಅದಕ್ಕೆ ಇಟ್ಟು ಮಾರಿದರು. ಆ ಚಕ್ರ ಈಗ ಇಲ್ಲ. ಹೆಸರು ಮಾತ್ರ ಸಮುದ್ರ ದಾಟಿ ಬಂದು ನಮ್ಮ ಘಟ್ಟದ ರಸ್ತೆಗಳಲ್ಲಿ ಉಳಿದಿದೆ. ಅದು ಎಂದಾದರೂ ಒಂದು ಬೀದಿಯಾಗಿತ್ತು, ಅಲ್ಲಿ ಜನ ನಡೆದಾಡುತ್ತಾರೆ ಎಂದು ಜೀಪಿನ ಹುಡುಗನಿಗೆ ತಿಳಿಯುವ ದಾರಿಯೇ ಇಲ್ಲ. ಊರಿನಿಂದ ಹೊರಟ ಹೆಸರು ಊರನ್ನು ಕಳಚಿಕೊಂಡು ಬಂದಿತು.

ಕಾಫಿ ಬೆಳೆಯುವ ನಮಗೆ ಇನ್ನೂ ಹತ್ತಿರದ ಉದಾಹರಣೆಯೊಂದಿದೆ. ಮೋಕಾ ಯೆಮನ್ ದೇಶದ ಬಂದರು. ಒಂದು ಕಾಲಕ್ಕೆ ಲೋಕದ ಕಾಫಿಯ ಬಹುಪಾಲು ಅಲ್ಲಿಂದ ಹಡಗು ಹತ್ತುತ್ತಿತ್ತು. ಬಾಬಾ ಬುಡನ್ ಏಳು ಬೀಜ ತಂದದ್ದು ಅಲ್ಲಿಂದಲೇ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಇವತ್ತು ಬೆಂಗಳೂರಿನ ಕಾಫಿ ಅಂಗಡಿಯಲ್ಲಿ ಮೋಕಾ ಕೇಳಿದರೆ ಚಾಕೊಲೇಟ್ ಬೆರೆಸಿದ ಕಾಫಿ ಕೊಡುತ್ತಾರೆ. ಅದರಲ್ಲಿ ಯೆಮನ್‌ನ ಒಂದು ಕಾಳೂ ಇರಬೇಕಾಗಿಲ್ಲ. ಹೆಸರು ತುಂಬಾ ದೂರ ಹೋಯಿತು, ದುಡ್ಡು ಮಾತ್ರ ಆ ಬೆಟ್ಟಗಳ ಬೆಳೆಗಾರನಿಗೆ ತಿರುಗಿ ಹೋಗಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಕುಶಾಲನಗರದ ಆ ಬೋರ್ಡುಗಳು ಕಣ್ಣ ಮುಂದೆ ಬರುತ್ತವೆ.

ಜೇನನ್ನೇ ನೋಡಿ. ವಿರಾಜಪೇಟೆಯಲ್ಲಿ ಜೇನು ಕೃಷಿಕರ ಸಹಕಾರ ಸಂಘ ಶುರುವಾದದ್ದು 1936ರಲ್ಲಿ. ಭಾಗಮಂಡಲದ ಕಡೆಯ ಮನೆಗಳಲ್ಲಿ ಜಗಲಿಯ ಮೂಲೆಗೊಂದು ತುಡುವೆ ಜೇನಿನ ಪೆಟ್ಟಿಗೆ ಇಲ್ಲದಿದ್ದರೆ ಮನೆಯೇ ಬರಿದು ಎನ್ನುವಂತಿತ್ತು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ದಕ್ಷಿಣ ಭಾರತದ ತುಡುವೆಗಳ ಮೇಲೆ ಎರಗಿತು. ಹುಳುಗಳು ಕಣದಲ್ಲೇ ಸತ್ತು ಪೆಟ್ಟಿಗೆಗಳು ಖಾಲಿಯಾದವು. ನಮ್ಮ ಮಾವ ಬರಿದಾದ ಪೆಟ್ಟಿಗೆಗಳನ್ನು ಕೊಟ್ಟಿಗೆಯ ಅಟ್ಟದಲ್ಲಿ ಜೋಡಿಸಿಟ್ಟದ್ದು ನನಗೆ ನೆನಪಿದೆ. ಕಿತ್ತಳೆಯ ಕತೆಯೂ ಅಷ್ಟೇ. ಕಾಫಿ ತೋಟದ ನಡುವೆ ಬೆಳಕಿನ ಗುಡ್ಡೆಗಳಂತೆ ನಿಂತಿರುತ್ತಿದ್ದ ಮರಗಳು ರೋಗಕ್ಕೆ ಸಿಕ್ಕಿ ಒಂದೊಂದಾಗಿ ಒಣಗಿದವು. ಬೆಳೆ ಹೀಗೆ ಇಳಿಯುತ್ತಾ ಹೋದ ವರ್ಷಗಳಲ್ಲೇ ಹೆಸರು ಏರುತ್ತಾ ಹೋಯಿತು. ಇರುವ ಜೇನು ಸಾಲದಷ್ಟು ಬಾಟಲಿಗಳು ರಸ್ತೆ ಬದಿಗೆ ಬಂದವು. ‘ಯಾವ ಕೂರ್ಗ್ ಜೇನು?’ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಕೊಳ್ಳುವವರಿಗೆ ಕೇಳಬೇಕೆಂದು ಗೊತ್ತಿಲ್ಲ, ಮಾರುವವರಿಗೆ ಕೇಳಿಸಿಕೊಳ್ಳುವುದು ಬೇಕಿಲ್ಲ. ಡಾಲ್ಡಾ ಎಂಬ ಮಾತು ವನಸ್ಪತಿಯನ್ನಾದರೂ ಹೇಳುತ್ತಿತ್ತು. ಕೂರ್ಗ್ ಎಂಬ ಮಾತು ಚೀಟಿಯ ಮೇಲೆ ಕುಳಿತು ಏನನ್ನು ಹೇಳುತ್ತಿದೆ? ಹಸಿರು ಬೆಟ್ಟ, ಮಂಜು, ರಜೆಯ ಖುಷಿ. ಈ ತೋಟ, ಈ ಮರ, ಈ ಕೈ ಎಂದು ಅದು ಹೇಳುವುದನ್ನು ಬಿಟ್ಟು ಬಹಳ ದಿನಗಳಾದವು.

ಐನ್‌ಮನೆಯ ಹಂಚು

ಕಾನೂನಿನಲ್ಲಿ ಇದಕ್ಕೂ ಒಂದು ದಾರಿಯಿದೆ. ಒಂದು ನೆಲದ ಸರಕಿನ ಹೆಸರನ್ನು ಕಾಯುವ ಭೌಗೋಳಿಕ ಸೂಚಕಗಳ ಕಾಯ್ದೆ 2003ರ ಸೆಪ್ಟೆಂಬರ್ 15ರಂದು ಜಾರಿಗೆ ಬಂತು. ಡಾರ್ಜಿಲಿಂಗ್ ಚಹಾ ಅದರಡಿ ಮೊದಲು ನೋಂದಣಿಯಾಯಿತು. ನಮ್ಮ ಕಿತ್ತಳೆಗೆ ಆ ರಕ್ಷೆ ಸಿಕ್ಕಿದೆ, ಏಲಕ್ಕಿಗೆ ಸಿಕ್ಕಿದೆ, 2019ರಲ್ಲಿ ಅರೇಬಿಕಾ ಕಾಫಿಗೂ ಸಿಕ್ಕಿತು. ಟ್ರೇಡ್‌ಮಾರ್ಕ್ ಒಬ್ಬರದಾದರೆ ಇದು ಆ ನೆಲದಲ್ಲಿ ಬೆಳೆಯುವ ಎಲ್ಲರದು. ಬೆಳೆಗಾರ ಅಧಿಕೃತ ಬಳಕೆದಾರನೆಂದು ಹೆಸರು ಬರೆಸಿಕೊಳ್ಳಬೇಕು. ಹತ್ತು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಬೇಕು. ತಂಗಿಯ ಪ್ರಶ್ನೆಗೆ ಇಲ್ಲಿ ಉತ್ತರ ಸಿಗುತ್ತದೆ ಎಂದು ನನಗೆ ಮೊದಲು ಅನಿಸಿತ್ತು.

ಆದರೆ ಎಲ್ಲರದು ಎನ್ನುವುದರ ತೊಡಕು ನಮಗೆ ಬೇರೆ ಕಡೆಯಿಂದ ಚೆನ್ನಾಗಿ ಗೊತ್ತಿದೆ. ಐನ್‌ಮನೆ, ಅಂದರೆ ಕೊಡಗಿನ ಮನೆತನದ ಮೂಲಮನೆ, ಇಡೀ ಕುಟುಂಬದ್ದು. ಅದನ್ನು ಒಬ್ಬ ಮಾರುವಂತಿಲ್ಲ, ಒಬ್ಬ ನನ್ನದು ಎನ್ನುವಂತಿಲ್ಲ. ಹಬ್ಬದ ದಿನ ನೂರು ಜನ ಸೇರುತ್ತಾರೆ, ಕಂಬ ಮುಟ್ಟಿ ನಮಸ್ಕರಿಸುತ್ತಾರೆ. ಮಳೆಗಾಲದಲ್ಲಿ ಒಂದು ಹಂಚು ಜಾರಿದರೆ ಏಣಿ ಹತ್ತುವವರು ಯಾರು? ಹಳ್ಳಿಯಲ್ಲಿ ಉಳಿದ ಒಬ್ಬ ಮುದುಕ. ಅವನಿಗೂ ಆಗದಿದ್ದರೆ ನೀರು ಇಳಿಯುತ್ತದೆ, ತೊಲೆ ಕೊಳೆಯುತ್ತದೆ. ಹೆಸರೂ ಅಂಥದ್ದೇ. ನೋಂದಣಿ ಪುಸ್ತಕದಲ್ಲಿ ಇದ್ದ ಮಾತ್ರಕ್ಕೆ ರಸ್ತೆ ಬದಿಯ ಅಂಗಡಿಗೆ ಹೋಗಿ ‘ಈ ಹಣ್ಣು ಎಲ್ಲಿಯದು?’ ಎಂದು ಅದು ಕೇಳುವುದಿಲ್ಲ, ಕೇಳಬೇಕಾದವರು ನಾವು. ದೊಡ್ಡ ಕಂಪನಿಗೆ ಹೆಸರು ಕಾಯುವ ವಕೀಲರಿದ್ದಾರೆ. ನಮ್ಮ ಬೆಳೆಗಾರರ ಸಂಘಗಳು ಬೆಲೆಗಾಗಿ, ಆನೆಗಳ ಹಾವಳಿಗಾಗಿ, ಕಾರ್ಮಿಕರಿಗಾಗಿ ಓಡಾಡಿ ದಣಿದಿರುತ್ತವೆ. ಆದರೂ ಈ ಏಣಿಯನ್ನು ಅವರೇ ಹತ್ತಬೇಕು. ಬೇರೆ ಯಾರೂ ಹತ್ತುವುದಿಲ್ಲ.

ಕಾಚಂಪುಳಿಯ ಮಾತಿಗೆ ಬರುತ್ತೇನೆ. ಹಿಂದಿನ ವರ್ಷ ತಂಗಿ ಹೆದ್ದಾರಿಯ ಬದಿಯ ಒಂದು ಅಂಗಡಿಯಿಂದ ಬಾಟಲಿ ಕೊಂಡು ತಂದು ಬಿಳಿ ತಟ್ಟೆಯ ಮೇಲೆ ಸುರಿದಳು. ಅದು ನೀರಿನಂತೆ ಹರಿದು ತಟ್ಟೆಯ ಅಂಚು ಸೇರಿತು, ನಡುವೆ ಕಂದು ಬಣ್ಣದ ಕಲೆ ಉಳಿಯಿತು. ಪಕ್ಕದಲ್ಲೇ ತನ್ನದರ ಒಂದು ಚಮಚ ಸುರಿದಳು. ಅದು ಕದಲದೆ, ಎಣ್ಣೆಗಪ್ಪಾಗಿ, ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಮಾತ್ರ ಕೆಂಪಾಗಿ ನಿಂತಿತು. ಎರಡು ಬಾಟಲಿಗಳ ಮೇಲೂ ಇರುವ ಮಾತು ಒಂದೇ.

ಅವಳದು ತಯಾರಾಗುವುದು ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಯಲ್ಲಿ. ಉತ್ತರ ಕನ್ನಡದವರು ಉಪ್ಪಾಗೆ ಎನ್ನುವ ಮರದ್ದೇ ಹಣ್ಣು. ತೋಟದಂಚಿನ ಮೂರು ಮರಗಳ ಕೆಳಗೆ ಬಿದ್ದ ಹಣ್ಣುಗಳನ್ನು ಜಿಗಣೆಗಳ ನಡುವೆ ಆರಿಸಿ ತಂದು ಬೆತ್ತದ ಕುಕ್ಕೆಯಲ್ಲಿ ರಾಶಿ ಹಾಕುತ್ತಾಳೆ, ಕೆಳಗೆ ಪಾತ್ರೆ ಇಡುತ್ತಾಳೆ. ಹಣ್ಣು ತನ್ನಷ್ಟಕ್ಕೆ ಕೊಳೆತು ರಸ ಬಿಡುತ್ತದೆ. ಹಿಂಡುವುದಿಲ್ಲ, ಅವಸರ ಮಾಡುವುದಿಲ್ಲ. ದಿನಗಟ್ಟಲೆ ತೊಟ್ಟಿಕ್ಕಿದ ರಸವನ್ನು ಮಣ್ಣಿನ ಮಡಕೆಯಲ್ಲಿ ಸೌದೆಯ ಒಲೆಯ ಮೇಲಿಟ್ಟು, ಹೊಗೆಗೆ ಕಣ್ಣೀರು ಸುರಿಸುತ್ತಾ, ಕೈಬಿಡದೆ ಕಾಯಿಸುತ್ತಾಳೆ. ಮಡಕೆ ತುಂಬಾ ಇದ್ದದ್ದು ತಳಕ್ಕೆ ಇಳಿದ ಮೇಲೆ ಸೌಟನ್ನು ಎತ್ತಿ ಹಿಡಿದು ನೋಡುತ್ತಾಳೆ. ಕೊನೆಯ ಹನಿ ಬೀಳಲು ಹಿಂಜರಿಯಬೇಕು. ಆಗ ಒಲೆಯಿಂದ ಇಳಿಸುತ್ತಾಳೆ.

ಈ ವರ್ಷದ ಹಣ್ಣು ಬೀಳತೊಡಗಿದೆ. ವಕೀಲರಿಗೆ ಹೊಸ ಹೆಸರು ಕಳುಹಿಸಿದ್ದೇವೆ. ನಮ್ಮ ಮನೆಯ ಹಿಂದಿನ ತೊರೆಗೆ ಅಜ್ಜಿ ಕರೆಯುತ್ತಿದ್ದ ಹೆಸರು ಅದು, ಯಾವ ನಕ್ಷೆಯಲ್ಲೂ ಇಲ್ಲದ್ದು. ಇದನ್ನು ಕೇಳಬಹುದು ಎಂದು ಅವರು ಹೇಳಿದ್ದಾರೆ. ಚೀಟಿಯ ಮಾದರಿಯನ್ನು ತಂಗಿ ಕೈಯಲ್ಲೇ ಬರೆದಿದ್ದಾಳೆ. ಮೇಲೆ ತೊರೆಯ ಹೆಸರು, ಅದರ ಕೆಳಗೆ ಕಾಚಂಪುಳಿ, ಕಾಯಿಸಿದ ತಿಂಗಳು, ಮೂರು ಮರ ಎಂಬ ಮಾತು. ಕೂರ್ಗ್ ಎಂಬುದನ್ನು ಬಿಟ್ಟಿದ್ದಾಳೆ. ಎಲ್ಲಕ್ಕಿಂತ ಕೆಳಗೆ, ವಿಳಾಸದ ಕೊನೆಯ ಸಾಲಿನಲ್ಲಿ, ತಾಲ್ಲೂಕಿನ ಹೆಸರಾದ ಮೇಲೆ, ಕೊಡಗು ಎಂದು ಬರೆದಿದ್ದಾಳೆ.